ಹೊಸ ಸುದ್ದಿಗೆ ಹಿಡಿ ರಾಗಿ

"ಗುರುಗಳೇ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತೀರಿ. ಕೇಳಲು ಬರುವವರು ಕಡಿಮೆಯಾಗುತ್ತಿದ್ದಾರೆ. ಜನ ಬೆರಗಾಗುವಂಥದ್ದು ಏನಾದರೂ ಹೇಳಬಾರದೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಇಂಥ ಮಾತು ಕೇಳಿ ಕೇಳಿ ಸಾಕಾಗಿತ್ತು. ಆದರೂ ಒಂದು ಕತೆ ಹೇಳಿದರು.

ಕಾಡಿನ ಅಂಚಿನ ಒಂದು ಊರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಸುದ್ದಿ ಹೊಸದಾದರೆ ಅವನಿಗೆ ಮನೆಗೊಂದು ಹಿಡಿ ರಾಗಿ ಹಾಕುವುದು ಅಲ್ಲಿನ ವಾಡಿಕೆ. ಹಳೆಯದಾದರೆ ಏನೂ ಇಲ್ಲ. ಈ ವಾಡಿಕೆ ಮಾಡಿದವರು ತಾವು ಬಹಳ ಜಾಣರೆಂದು ತಿಳಿದಿದ್ದರು.

ಒಂದು ಬೇಸಗೆಯಲ್ಲಿ ಊರಿಗೆ ಜ್ವರ ಹಬ್ಬಿತು. ವೈದ್ಯ ಡಂಗುರದವನನ್ನು ಕರೆದು, "ದನಗಳ ಮೈಗೆ ಹತ್ತುವ ಉಣುಗು ಮನುಷ್ಯರನ್ನು ಕಚ್ಚಿ ಈ ಜ್ವರ ಬರುತ್ತಿದೆ. ಕಾಡಿನಿಂದ ಬಂದವರು ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿಕೊಂಡು ಕಿತ್ತುಹಾಕಲಿ. ಮೈ ಬಿಸಿಯಾದರೆ ತಡಮಾಡದೆ ಬರಲಿ. ದಿನವೂ ಸಾರು" ಎಂದ. ಜನರಿಗೆ ತೋರಿಸಲೆಂದು ಕುಡಿಕೆಯಲ್ಲಿ ಹಿಡಿದಿಟ್ಟಿದ್ದ ಒಂದು ಉಣುಗನ್ನು ಅವನಿಗೂ ತೋರಿಸಿದ.

ಮೊದಲ ದಿನ ರಾಗಿ ಸಿಕ್ಕಿತು. ಮರುದಿನ, "ಗೊತ್ತಿದೆ ಹೋಗಪ್ಪ" ಎಂದು ಬಾಗಿಲು ಹಾಕಿಕೊಂಡರು. ಗೊತ್ತಿದ್ದವರು ಯಾರೂ ಕಂಕುಳು ನೋಡಿಕೊಳ್ಳಲಿಲ್ಲ, ಆ ಮಾತು ಬೇರೆ. ಡಂಗುರದವನ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಆಮೇಲೊಂದು ದಿನ ಅವನು, "ವೈದ್ಯನೇ ಕುಡಿಕೆಯಲ್ಲಿ ಉಣುಗು ಸಾಕಿ ಊರಿಗೆ ಬಿಡುತ್ತಿದ್ದಾನೆ. ಜ್ವರ ಬಂದರೆ ತಾನೇ ಅವನ ಮದ್ದು ಖರ್ಚಾಗುವುದು" ಎಂದು ಸಾರಿದ. ಜೋಳಿಗೆ ತುಂಬಿತು. ಒಮ್ಮೆ ತುಂಬಿದ ಮೇಲೆ ಬಿಡುವುದು ಕಷ್ಟ. ದಿನ ಕಳೆದಂತೆ ಅವನ ಸುದ್ದಿಯಲ್ಲಿ ಕುಡಿಕೆ ಗಡಿಗೆಯಾಯಿತು, ಗಡಿಗೆ ಕೋಣೆ ತುಂಬಿತು. ಜನ ವೈದ್ಯನ ಮನೆಯ ದಾರಿಯನ್ನೇ ಬಿಟ್ಟರು. ಜ್ವರ ಮಾತ್ರ ಊರು ಬಿಡಲಿಲ್ಲ.

ಸೌದೆಗೆಂದು ಕಾಡಿಗೆ ಹೋಗುತ್ತಿದ್ದ ಡಂಗುರದವನ ಮಗಳೇ ಒಂದು ದಿನ ಜ್ವರ ಬಂದು ಮಲಗಿದಳು. ನಿಜ ಏನೆಂದು ಅವನಿಗೆ ಗೊತ್ತಿತ್ತಲ್ಲ. ಓಡಿಹೋಗಿ ವೈದ್ಯನ ಕಾಲು ಹಿಡಿದ. ವೈದ್ಯ ಮದ್ದಿನ ಚೀಲ ಎತ್ತಿಕೊಂಡು ಬಂದ. ಡಂಗುರದವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಇವನನ್ನ ಒಳಗೆ ಬಿಡಲ್ಲ. ನನ್ನ ಮಗೂನ ಕೊಂದುಹಾಕ್ತಾನೆ."

"ಅದೆಲ್ಲ ಸುಳ್ಳು ಕಣೇ. ನಾನೇ ಕಟ್ಟಿ ಹೇಳಿದ್ದು."

"ಅಯ್ಯೋ, ನಿಮ್ಮನ್ನೂ ಹೆದರಿಸಿಬಿಟ್ಟನಾ?" ಎಂದು ಅವಳು ಅತ್ತಳು.

ಅಕ್ಕಪಕ್ಕದವರು ಸೇರಿ ವೈದ್ಯನನ್ನು ಓಡಿಸಿದರು. ಬುದ್ಧಿ ಕೆಟ್ಟಿದೆಯೆಂದು ಡಂಗುರದವನನ್ನು ಹಿಡಿದು ಕೂರಿಸಿದರು. ಹುಡುಗಿ ಉಳಿಯಲಿಲ್ಲ.

ಮಗಳನ್ನು ಮಣ್ಣು ಮಾಡಿ ಬಂದವನೇ ಅವನು ಡಂಗುರ ಎತ್ತಿಕೊಂಡ. ತಾನು ಸಾರಿದ್ದು ಸುಳ್ಳೆಂದೂ, ಆ ಸುಳ್ಳಿಗೆ ತನ್ನ ಮಗಳೇ ಬಲಿಯಾದಳೆಂದೂ, ವೈದ್ಯ ಹೇಳಿದಂತೆ ಮೈ ನೋಡಿಕೊಳ್ಳಿರೆಂದೂ ಅಳುತ್ತ ಬೀದಿ ಬೀದಿ ಸುತ್ತಿದ. ಒಂದು ಬಾಗಿಲೂ ಮುಚ್ಚಿರಲಿಲ್ಲ. ಜನ ಬಾಯಿ ಬಿಟ್ಟುಕೊಂಡು ಕೇಳಿದರು, ಕಣ್ಣೊರೆಸಿಕೊಂಡರು, ಮೊರದಲ್ಲಿ ರಾಗಿ ತಂದು ಅವನ ಮುಂದೆ ಸುರಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸ್ವಲ್ಪ ಸಮಾಧಾನವಾಯಿತು.

"ಅಂತೂ ಊರಿಗೆ ನಿಜ ತಿಳಿಯಿತಲ್ಲ. ಮರುದಿನದಿಂದ ಎಲ್ಲರೂ ಮೈ ನೋಡಿಕೊಂಡಿರಬೇಕು" ಎಂದ.

"ಮರುದಿನಕ್ಕೆ ಆ ಮಗು ಸತ್ತದ್ದೂ ಹಳೆಯ ಸುದ್ದಿಯಾಗಿತ್ತು" ಎಂದರು ಗುರುಗಳು.