ಎರಡು ವರದಿಗಳ ಜಗಳ

ಎಚ್‌ಐವಿ ಇದೆಯೆಂದು ತಿಳಿದ ಮೂರನೆಯ ವಾರ, ಬಟ್ಟೆ ಹೊಲಿಯುವ ಕಸ್ತೂರಿಯ ಕೈಚೀಲದಲ್ಲಿ ಎರಡು ರಕ್ತಪರೀಕ್ಷೆಯ ವರದಿಗಳು ಜಗಳಕ್ಕೆ ಬಿದ್ದವು. ರೋಗಗಳಿಂದ ಮೈಯನ್ನು ಕಾಯುವ ಸಿಡಿ೪ ಕಣಗಳು ಎಷ್ಟಿವೆಯೆಂದು ಹೇಳುವುದು ಎರಡರ ಕೆಲಸವೂ ಆಗಿತ್ತು.

“ನಾನೂರ ಹನ್ನೆರಡು. ದೊಡ್ಡಾಸ್ಪತ್ರೆಯಲ್ಲಿ ಎಣಿಸಿದ್ದು. ನಾನೇ ಸತ್ಯ,” ಎಂದಿತು ಮೊದಲನೆಯದು.

“ಮುನ್ನೂರ ಅರವತ್ತೈದು. ನಿನಗಿಂತ ಹತ್ತು ದಿನ ಆಮೇಲೆ ಬಂದಿದ್ದೇನೆ. ಈಗಿನ ಸತ್ಯ ನನ್ನದು,” ಎಂದಿತು ಎರಡನೆಯದು.

ಕಸ್ತೂರಿ ಎರಡನ್ನೂ ಹೊರತೆಗೆದು ಮೇಜಿನ ಮೇಲಿಟ್ಟಳು.

“ಹತ್ತೇ ದಿನದಲ್ಲಿ ನಲವತ್ತೇಳು ಎಲ್ಲಿ ಹೋದವು? ನೆಗಡಿಯಲ್ಲೂ ಕೂತು ಹೊಲಿದೆನಲ್ಲ, ಅದಕ್ಕೋ? ನಾನು ಸಾಯುತ್ತಿದ್ದೇನೆಯೇ?”

ವರದಿಗಳು ತಂತಮ್ಮ ಅಂಕಿಯನ್ನೇ ಮತ್ತೆ ಹೇಳಿದವು. ಅವಕ್ಕೆ ಬೇರೇನೂ ಗೊತ್ತಿರಲಿಲ್ಲ.

ಆಗ, ಇನ್ನೂ ಮುಚ್ಚಳ ತೆಗೆಯದ ಮಾತ್ರೆಯ ಡಬ್ಬಿ ಮಾತಾಡಿತು. “ಅಮ್ಮಾ, ಈ ಎಣಿಕೆ ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು. ನೆಗಡಿ ಬಂದರೂ ಬದಲಾಗುತ್ತದೆ. ಇವೆರಡೂ ಸುಳ್ಳು ಹೇಳುತ್ತಿಲ್ಲ, ಒಂದೊಂದು ದಿನವನ್ನಷ್ಟೇ ನೋಡಿವೆ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ತಿಂಗಳುಗಳು ಬೇಕು.”

“ಅಲ್ಲಿಯವರೆಗೆ ನಾನು ಯಾವುದನ್ನು ನಂಬಲಿ?”

“ಯಾವುದನ್ನು ನಂಬಿದರೂ ನನ್ನನ್ನು ಇಂದೇ ಶುರು ಮಾಡಬೇಕು. ಡಾಕ್ಟರು ಹೇಳಿದ್ದೂ ಅದನ್ನೇ.”

ಕಸ್ತೂರಿಗೆ ಅಂಕಿಗಳು ಈಗಲೂ ಪೂರ್ತಿ ಅರ್ಥವಾಗಿರಲಿಲ್ಲ. ಗೆದ್ದವರು ಯಾರೆಂದು ಅವಳು ತೀರ್ಪು ಕೊಡಲಿ ಎಂದು ವರದಿಗಳು ಕಾಯುತ್ತಿದ್ದವು. ಅವಳು ಡಬ್ಬಿಯನ್ನು ಕೈಗೆತ್ತಿಕೊಂಡು ಕೇಳಿದಳು:

“ಊಟಕ್ಕೆ ಮೊದಲೋ, ಆಮೇಲೋ?”