ಪಕ್ಕದವರ ಹಳದಿ

ನಂಬದಿದ್ದರೆ ಎದ್ದು ಹೋಗಿ, ನಾನೇನು ಕೈ ಹಿಡಿದು ಕೂರಿಸಲ್ಲ. ಜಿಲ್ಲಾ ಆಯ್ಕೆಯ ಮೈದಾನದಲ್ಲಿ, ಎಪ್ಪತ್ತು ಮೀಟರ್ ದೂರದಿಂದ ಬಂದು ಹಳದಿ ವೃತ್ತದ ನಟ್ಟನಡುವೆ ನಾಟಿದ ಬಿದಿರಿನ ಬಾಣ ನಾನೇ.

ಬಿಲ್ಲುಗಾರಿಕೆ ಶಾಲೆಗೆ ಬಂದ ಮೊದಲ ದಿನ ನನ್ನನ್ನು ಕೈಗೆಟುಕುವಷ್ಟು ಹತ್ತಿರದ ಹುಲ್ಲಿನ ಪಿಂಡಿಯ ಮುಂದೆ ನಿಲ್ಲಿಸಿದರು. ಅದರ ಮೇಲೆ ಗುರಿಯ ಕಾಗದ ಕೂಡ ಇರಲಿಲ್ಲ.

"ಏನಜ್ಜಿ, ಕಣ್ಣು ಮುಚ್ಚಿ ಬಿಟ್ಟರೂ ನಿನಗೆ ತಾಗ್ತೀನಿ," ಎಂದೆ. "ನಾನು ಊರಲ್ಲಿ ತುದಿಕೊಂಬೆಯ ಮಾವು ಉದುರಿಸಿದವನು!"

"ಇಲ್ಲಿ ಕಣ್ಣು ಮುಚ್ಚಿಯೇ ಬಿಡೋದು ಮಗಾ," ಎಂದಿತು ಪಿಂಡಿ. "ನೆಟ್ಟಗೆ ಬರೋದು ಮೊದಲು ಮೈಗೆ ಹತ್ತಬೇಕು. ಆಮೇಲೆ ಕಾಗದ ಅಂಟಿಸ್ತಾರೆ. ದೂರ ಅದಕ್ಕೂ ಆಮೇಲೆ."

"ಮುದುಕಿಯರನ್ನು ಚುಚ್ಚೋಕೆ ನಾನು ಹುಟ್ಟಿಲ್ಲ!"

ರಾಜ್ಯ ತಂಡದ ಬತ್ತಳಿಕೆಯಲ್ಲಿ ಒಂದೇ ಜಾಗ ಖಾಲಿ ಇತ್ತು. ಆಯ್ಕೆಯಾದರೆ ಅದು ನನ್ನದು. ದೂರಕ್ಕೇ ಬಿಡು ಎಂಬ ನನ್ನ ಗಲಾಟೆ ತಾಳಲಾರದೆ ಬಿಲ್ಲು, "ಹಾರು ದೊರೆ, ಹಾರು," ಎಂದು ಆಯ್ಕೆಯ ದಿನ ನನ್ನನ್ನು ಬಿಟ್ಟೇಬಿಟ್ಟಿತು. ದಾರಿಯಲ್ಲಿ ನನ್ನ ಸೊಂಟ ಕುಣಿಯಿತು, ಬಾಲ ಓಲಾಡಿತು. ಆದರೂ ಹೋಗಿ ಹಳದಿಗೇ ಹೊಕ್ಕೆ. ಜನ ಹೋ ಎಂದರು. ನಾನು ಗರಿ ಕೊಡವಿಕೊಂಡು, "ಎಷ್ಟಪ್ಪಾ ಅಂಕ?" ಎಂದು ಗುರಿಯ ಕಾಗದವನ್ನು ಕೇಳಿದೆ.

"ಸೊನ್ನೆ," ಎಂದಿತು ಕಾಗದ. "ನಾನು ಪಕ್ಕದವರ ಗುರಿ ಕಣಯ್ಯಾ. ನಿನ್ನದು ಅಗೋ, ಅಲ್ಲಿ ಕಾಯ್ತಾ ನಿಂತಿದೆ. ಜನ ಹೋ ಅಂತ ನಗ್ತಿರೋದು ಅದಕ್ಕೇ."

ಬತ್ತಳಿಕೆಯ ಜಾಗ ಬೇರೊಬ್ಬನ ಪಾಲಾಯಿತು. ನನಗೆ ಕೊಟ್ಟದ್ದು ಅದೇ ಹುಲ್ಲಜ್ಜಿಯನ್ನು, ಅಷ್ಟೇ ಹತ್ತಿರದಲ್ಲಿ, ಕಾಗದವಿಲ್ಲದೆ.