ಹೌದು ಎನ್ನುವವರು

"ತಾಯಿ, ಇನ್ನು ಈ ಓಲೆಗಳನ್ನು ಹೊಳೆಗೆ ಬಿಡಬಹುದೇ?"

ಕೇಳಿದವನು ಮಠದ ತಾಳೆಯೋಲೆಗಳ ಹೊಣೆ ಹೊತ್ತ ಶಿಷ್ಯ. ಗುರುತಾಯಿ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕೆ?"

"ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಮೂರು ವರ್ಷವಾಯಿತು. ಹಾರ್ಡ್ ಡಿಸ್ಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಅಂದಿನಿಂದ ಕೀಲಿ ನನ್ನ ಸೊಂಟ ಬಿಟ್ಟು ಇಳಿದಿಲ್ಲ. ಓಲೆಗಳಿಗೆ ಹುಳು ಬೀಳುತ್ತಿದೆ. ವರ್ಷ ವರ್ಷ ಬಿಚ್ಚಬೇಕು, ಎಣ್ಣೆ ಸವರಬೇಕು, ಮತ್ತೆ ಕಟ್ಟಬೇಕು. ಇನ್ನು ಯಾವ ಸುಖಕ್ಕೆ ತಾಯಿ?"

ಗುರುತಾಯಿ ಮೊರವನ್ನು ಪಕ್ಕಕ್ಕಿಟ್ಟರು. "ಕೂತುಕೋ" ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ಹೆಳವನಿದ್ದ. ಮನೆತನಗಳ ಹೆಸರು ಕಾಯುವುದು ಅವನ ಕುಲದ ಕಸುಬು. ಎತ್ತಿನ ಮೇಲೆ ಓಲೆಯ ಕಟ್ಟು ಹೇರಿಕೊಂಡು ಊರೂರು ತಿರುಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಒಂದೊಂದೇ ಮನೆಯ ಮುಂದೆ ಕೂತು, ಮೂಲಪುರುಷನಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ಓದುತ್ತಿದ್ದ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಿದ್ದ. ಊರು ಬಿಟ್ಟು ಹೋದವರಿದ್ದರೆ ಅವರಿದ್ದಲ್ಲಿಗೇ ಹುಡುಕಿಕೊಂಡು ಹೋಗಿ ಅವರ ಮಕ್ಕಳನ್ನೂ ಬರೆಯುತ್ತಿದ್ದ. ಅವನ ಓಲೆಯಲ್ಲಿ ಹೆಣ್ಣುಮಕ್ಕಳ ಹೆಸರೂ ಇರುತ್ತಿತ್ತು, ಕೊಟ್ಟ ಊರಿನ ಹೆಸರೂ ಇರುತ್ತಿತ್ತು. ಮನೆಯವರು ಕಾಳು ಕೊಡುತ್ತಿದ್ದರು, ಬಟ್ಟೆ ಕೊಡುತ್ತಿದ್ದರು. ಹೊಗಳಿಕೆ ಕಡಿಮೆಯಾಯಿತೆಂದು ಬೈಯುವವರೂ ಇದ್ದರು.

ಓಲೆ ಮುಪ್ಪಾದರೆ ಹೊಸ ಓಲೆಗೆ ಬರೆಯಬೇಕು. ಅದಕ್ಕೆ ಎರಡು ಕಟ್ಟಳೆ ಇದ್ದವು. ಬರೆದಾದ ಮೇಲೆ ಹೆಳವ ಹೊಸ ಓಲೆಯನ್ನು ಹಿಡಿದು ಗಟ್ಟಿಯಾಗಿ ಓದಬೇಕು. ಆ ಮನೆಯ ಹಿರಿಯರು, ಗಂಡಾಗಲಿ ಹೆಣ್ಣಾಗಲಿ, ಎದುರು ಕೂತು ಪ್ರತಿ ಹೆಸರಿಗೂ 'ಹೌದು' ಎನ್ನಬೇಕು. ಅವರಿಗೆ ಅಕ್ಷರ ಬರಬೇಕಾಗಿಲ್ಲ. ಕಿವಿ ಇದ್ದರೆ ಸಾಕು. ಒಂದು ಹೆಸರಿಗೆ ಹಿರಿಯರು ಸುಮ್ಮನಾದರೂ ಓದು ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಓಲೆ ತೆಗೆದು ನೋಡುತ್ತಿದ್ದರು, ಜಗಳವಾಡುತ್ತಿದ್ದರು, ತಿದ್ದುತ್ತಿದ್ದರು.

ಕೊನೆಯ ಹೌದು ಆದ ಮೇಲೆ ಹಳೆಯ ಓಲೆಯನ್ನು ಹೊಳೆಗೆ ಬಿಡಬೇಕು. ಇದು ಎರಡನೆಯ ಕಟ್ಟಳೆ. ಒಂದು ಮನೆತನಕ್ಕೆ ಎರಡು ಓಲೆ ಇರಬಾರದು. ಎರಡಿದ್ದರೆ ಎರಡು ಮಾತಾಗುತ್ತದೆ. ಎರಡು ಮಾತಾದರೆ ಅಣ್ಣತಮ್ಮಂದಿರು ಕೊಡಲಿ ಹಿಡಿಯುತ್ತಾರೆ.

ಅವನು ಹೋಗುತ್ತಿದ್ದ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಒಳ್ಳೆಯವನೇ. ಒಂದು ವರ್ಷ ಹೆಳವ ಕಟ್ಟು ಬಿಚ್ಚಿದಾಗ ತನ್ನ ಮುತ್ತಜ್ಜನ ಹೆಸರಿನ ಅರ್ಧವನ್ನು ಹುಳು ತಿಂದದ್ದನ್ನು ಕಂಡ. ನೊಂದುಕೊಂಡ.

"ಹೊಸ ಓಲೆಗೆ ಬರೆಯುವ ಕಾಲ ಬಂತು, ಸಾವ್ಕಾರರೇ" ಎಂದ ಹೆಳವ.

"ಎಷ್ಟು ಸಲ ಬರೆಯುತ್ತೀ? ಒಂದೇ ಸಲ ಬರೆದು ಮುಗಿಸಬಾರದೇ?"

"ಇದು ಮುಗಿಯುವ ಕೆಲಸವಲ್ಲ."

"ನಾನು ಮುಗಿಸುತ್ತೇನೆ, ನೋಡು."

ವ್ಯಾಪಾರಿ ಪಟ್ಟಣದಿಂದ ಒಬ್ಬ ಕೆಲಸಗಾರನನ್ನು ಕರೆಸಿದ. ಅವನು ಒಂದೊಂದೇ ಓಲೆಯ ಚಿತ್ರ ತೆಗೆದು, ಎಲ್ಲವನ್ನೂ ಅಂಗೈಯಗಲದ ಒಂದು ಕರಿಯ ಡಿಸ್ಕಿಗೆ ಇಳಿಸಿದ. ಊರಿನವರು ಅದನ್ನು ಡಬ್ಬಿ ಎಂದು ಕರೆದರು. ಕೆಲಸಗಾರ ಬಸ್ಸು ಹತ್ತಿ ಹೋದ.

ಹೆಳವ ಹೇಳಿದ, "ಇನ್ನು ಓದಬೇಕು. ಮನೆಮನೆಯ ಹಿರಿಯರನ್ನು ಕರೆಸಿರಿ."

"ಯಾವುದರಿಂದ ಓದುತ್ತೀ?"

"ಡಬ್ಬಿಯಿಂದಲೇ. ಹೊಸದು ಅದೇ ತಾನೇ?"

"ಯಂತ್ರಕ್ಕೆ ನಿನ್ನ ಹಾಗೆ ಕಣ್ಣು ಮಂಜಾಗುತ್ತದೆಯೇನೋ? ಡಬ್ಬಿಯ ಮುಂದೆ ಕೂತು ಹೌದು ಹೌದು ಎನ್ನಲು ನಮ್ಮ ಮುದುಕಿಯರಿಗೇನು ಹುಚ್ಚೇ?"

ಕಟ್ಟೆಯ ಮೇಲಿದ್ದವರು ನಕ್ಕರು. ಹೆಳವನೂ ನಕ್ಕ. ಅವನಿಗೆ ಮಂಡಿ ನೋಯುತ್ತಿತ್ತು. ಮಗ ಈ ಕಸುಬು ಬೇಡವೆಂದಿದ್ದ. ಸಾಯುವವರೆಗೆ ಕಾಳು ಕೊಡುತ್ತೇನೆಂದು ವ್ಯಾಪಾರಿ ಮಾತು ಕೊಟ್ಟ. ಹೆಳವ ಎತ್ತು ಮಾರಿ ಆ ಊರಿನಲ್ಲಿಯೇ ನಿಂತ.

ಮೊದಲ ಕಟ್ಟಳೆಯನ್ನು ಬಿಟ್ಟರು. ಎರಡನೆಯದನ್ನು ಬಿಡಲಿಲ್ಲ. ಹೊಸದು ಬಂದ ಮೇಲೆ ಹಳೆಯದು ಇರಬಾರದಲ್ಲ. ಓಲೆಗಳಿಗೆ ಅರಿಶಿನ ಹಚ್ಚಿ, ಹಲಗೆ ಬಾರಿಸಿಕೊಂಡು ಹೋಗಿ, ಹೊಳೆಗೆ ಬಿಟ್ಟರು.

ಡಬ್ಬಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗುಡಿಯ ಗೂಡಿನಲ್ಲಿಟ್ಟರು. ಮೊದಲೆಲ್ಲ ಹೆಳವ ಊರಿಗೆ ಬರುತ್ತಿದ್ದ ದಿನ ಬಂದಾಗ ಅದಕ್ಕೆ ಕುಂಕುಮ ಏರಿಸಿ ಕರ್ಪೂರ ಬೆಳಗುತ್ತಿದ್ದರು. ತೆರೆದು ನೋಡಿದವರಿಲ್ಲ. ಹಿರಿಯರೆಲ್ಲ ಅದರೊಳಗಿದ್ದಾರೆ, ತೆರೆದರೆ ಮೈಲಿಗೆ ಎಂದರು. ಆಮೇಲೆ ಹುಟ್ಟಿದವರನ್ನು ಯಾರೂ ಬರೆಯಲಿಲ್ಲ. ಹೌದು ಎನ್ನುತ್ತಿದ್ದ ಮುದುಕರೂ ಮುದುಕಿಯರೂ ಒಬ್ಬೊಬ್ಬರಾಗಿ ಮಣ್ಣಾದರು. ಹೆಳವನಿಗೆ ಓದು ಎನ್ನುವವರಿಲ್ಲ. ಕೇಳುವವರಿಲ್ಲದೆ ಯಾರು ಓದುತ್ತಾರೆ? ಅವನೂ ಬಿಟ್ಟ.

ಬಹಳ ವರ್ಷಗಳಾದ ಮೇಲೆ ಆ ಊರಿಗೆ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಜ್ವರದ ಕೂಸು. ಒಬ್ಬ ರೈತನ ಮನೆಯ ಮುಂದೆ ನಿಂತಳು. ರೈತ ಮತ್ತು ಅವನ ತಮ್ಮ ಜಗಲಿಯ ಮೇಲಿದ್ದರು.

"ನಾನು ಈ ಮನೆಯವಳು, ಅಣ್ಣಾ" ಎಂದಳು. "ನನ್ನ ಅಜ್ಜ ದುಂಡಪ್ಪ ಇಲ್ಲಿ ಹುಟ್ಟಿದವನು. ಊರಿಗೆ ದೊಡ್ಡ ಬೇನೆ ಬಂದಾಗ ಕಲ್ಲು ಒಡೆಯುವ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಅಪ್ಪನೂ ಆ ಕಲ್ಲುಗಣಿಯಲ್ಲೇ ಸತ್ತ. ಗಂಡ ಹೋದ ತಿಂಗಳು ಸತ್ತ. ಗಣಿಯವರು ಗುಡಿಸಲು ಬಿಡಿಸಿದರು. ಈ ಕೂಸು ಏಳುವವರೆಗೆ ಒಂದು ಮೂಲೆ ಕೊಡಿ."

"ಇವತ್ತು ಮೂಲೆ, ನಾಳೆ ಪಾಲು" ಎಂದ ತಮ್ಮ.

ರೈತ ಅವನನ್ನು ಸುಮ್ಮನಿರಿಸಿದ. "ನಮ್ಮವಳಾದರೆ ಪಾಲೇ ಕೊಡುತ್ತೇನೆ. ಅಲ್ಲದವಳಾದರೆ ಜ್ವರದ ಕೂಸನ್ನು ಒಳಗೆ ಬಿಡುವುದಿಲ್ಲ. ನನಗೂ ಸಣ್ಣ ಮಕ್ಕಳಿದ್ದಾವೆ. ದುಂಡಪ್ಪ ಎಂಬವನನ್ನು ನಾನು ಕೇಳಿಲ್ಲ. ಡಬ್ಬಿ ಹೇಳಲಿ."

ನ್ಯಾಯವೆಂದರು ನೆರೆದವರು. ಅವಳಿಗೂ ನ್ಯಾಯವೆಂದೇ ಕಂಡಿತು. "ತೆಗೆಯಿರಿ" ಎಂದಳು. "ಅದರಲ್ಲಿ ನಾನಿದ್ದೇನೆ. ಬರೆದುಕೊಂಡದ್ದು ನನಗೆ ನೆನಪಿದೆ."

ವ್ಯಾಪಾರಿ ಮುದುಕನಾಗಿದ್ದ. ತಾನೇ ಡಬ್ಬಿ ತೆಗೆದುಕೊಂಡು ಪಟ್ಟಣಕ್ಕೆ ಹೋದ. ಅವಳು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕಾದಳು. ಯಾರೋ ಗಂಜಿ ತಂದು ದೂರದಲ್ಲಿಟ್ಟು ಹೋದರು. ಕೂಸು ಕುಡಿಯಲಿಲ್ಲ.

ಪಟ್ಟಣದ ಕೆಲಸಗಾರ ಕೆಂಪು ಬಟ್ಟೆ ಬಿಚ್ಚಿದ. ಡಬ್ಬಿಯನ್ನು ಮಗುಚಿದಾಗ ಅದರ ಸಂದಿನಿಂದ ಕುಂಕುಮ ಉದುರಿತು. ಅವನು ಎಷ್ಟು ಹೆಣಗಿದರೂ ಅದು ಉಸಿರೆತ್ತಲಿಲ್ಲ.

"ಇದು ಸತ್ತು ಎಷ್ಟೋ ಕಾಲವಾಗಿದೆ. ಆಗಾಗ ತೆರೆದು ನೋಡಬೇಕಿತ್ತು. ಹಳೆಯದಾಗುವ ಮೊದಲೇ ಇನ್ನೊಂದಕ್ಕೆ ಇಳಿಸಬೇಕಿತ್ತು" ಎಂದ. ವ್ಯಾಪಾರಿಯ ಮುಖ ನೋಡಿ ಸಮಾಧಾನ ಹೇಳಿದ. "ಹೋಗಲಿ ಬಿಡಿ ಯಜಮಾನರೇ. ಓಲೆಗಳಿವೆಯಲ್ಲ? ತನ್ನಿ, ಮತ್ತೆ ಮಾಡಿಕೊಡುತ್ತೇನೆ."

ವ್ಯಾಪಾರಿ ಡಬ್ಬಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಬಂದ.

ಆಗ ಊರಿಗೆ ಹೆಳವನ ನೆನಪಾಯಿತು. ಅವನನ್ನು ಕೈಹಿಡಿದು ನಡೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದರು. ಹೆಂಗಸು ಅವನ ಕಾಲು ಮುಟ್ಟಿದಳು.

"ಅಜ್ಜಾ, ನೀನು ಕಲ್ಲುಗಣಿಗೆ ಬಂದಿದ್ದೆ. ನಾನು ಚಿಕ್ಕವಳು. ನಿನ್ನ ಎತ್ತಿಗೆ ಬೆಲ್ಲ ತಿನ್ನಿಸಿದೆ. ಅಪ್ಪ ನನ್ನ ಹೆಸರು ಹೇಳಿದ, ನೀನು ಬರೆದೆ."

"ಎಷ್ಟೋ ಗುಡಿಸಲಿಗೆ ಹೋಗಿದ್ದೇನೆ, ಮಗಳೇ. ಮಕ್ಕಳೆಲ್ಲ ಎತ್ತಿಗೆ ಬೆಲ್ಲ ತಿನ್ನಿಸುತ್ತಿದ್ದರು."

ಹೆಳವ ಕಣ್ಣು ಮುಚ್ಚಿ ಮೂಲಪುರುಷನಿಂದ ತೊಡಗಿದ. ಮೊದಮೊದಲು ಎಡವಿದ. ಆಮೇಲೆ ದಾರಿ ಬಲ್ಲ ಎತ್ತಿನಂತೆ ನಾಲಿಗೆ ತಾನಾಗಿ ನಡೆಯಿತು. ರೈತನ ಮುತ್ತಜ್ಜನವರೆಗೆ ಬಂದ.

"ಅವನ ಹಿರಿಯ ಮಗ ಬಾಳಪ್ಪ."

"ಹೌದು" ಎಂದ ರೈತ. ಅದು ಅವನ ಅಜ್ಜನ ಹೆಸರು.

"ಎರಡನೆಯವನು ಸೋಮಣ್ಣ, ಸಂತಾನವಿಲ್ಲ. ಮೂರನೆಯವನು…"

ಹೆಳವನ ಓದು ನಿಂತಿತು.

"ಹೇಳು ಅಜ್ಜಾ" ಎಂದಳು ಹೆಂಗಸು.

"ದುಂಡಪ್ಪ ಎಂಬ ಹೆಸರು ನಾಲಿಗೆಯ ಮೇಲಿದೆ. ಆದರೆ ಅದು ಓಲೆಯಿಂದ ಬಂದದ್ದೋ, ನಿನ್ನೆಯಿಂದ ನೀನು ಹೇಳುತ್ತಿರುವುದರಿಂದ ಬಂದದ್ದೋ, ನನಗೆ ತಿಳಿಯುತ್ತಿಲ್ಲ. ಬೇಡುವವರ ಬಾಯಿಂದ ಬಂದ ಹೆಸರನ್ನು ಹೆಳವ ಓದಬಾರದು."

"ಮೂರನೆಯವನು ಇದ್ದನೋ ಇಲ್ಲವೋ, ಅದನ್ನಾದರೂ ಹೇಳು" ಎಂದ ರೈತನ ತಮ್ಮ.

"ಇದ್ದನೆಂದೇ ಅನ್ನಿಸುತ್ತದೆ."

"ಅನ್ನಿಸುವುದಕ್ಕೆ ಹೆಳವ ಯಾಕೆ ಬೇಕು? ನನಗೂ ದಿನಾ ಏನೇನೋ ಅನ್ನಿಸುತ್ತದೆ."

ಹೆಳವ ಕಣ್ಣು ತೆರೆದು ಜನರ ಕಡೆಗೆ ತಿರುಗಿದ. "ಯಾರಾದರೂ ಹೌದು ಎನ್ನಿರಿ. ಒಬ್ಬರು ಎಂದರೆ ಸಾಕು, ನಾನು ಮುಂದೆ ಓದುತ್ತೇನೆ."

ಎನ್ನಬಲ್ಲವರು ಒಬ್ಬರೂ ಉಳಿದಿರಲಿಲ್ಲ.

ಹೆಂಗಸು ಕೂಸನ್ನು ಎತ್ತಿಕೊಂಡಳು. ರೈತನ ಎದುರಿಗೆ ಬಂದು ನಿಂತಳು.

"ಆಗಲಿ. ಡಬ್ಬಿ ಸತ್ತಿತು, ಅದಕ್ಕೆ ನಾನು ಯಾರೂ ಅಲ್ಲ. ನಿನ್ನ ಹೆಸರೂ ಅದರಲ್ಲೇ ಇತ್ತಲ್ಲ ಅಣ್ಣಾ. ಈಗ ನೀನು ಯಾರು?"

ರೈತ ಎದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಕೂಸು ಮುಂದಿನ ಊರನ್ನು ಮುಟ್ಟಲಿಲ್ಲ. ಅವಳು ಹೊಳೆಯ ದಂಡೆಯಲ್ಲಿ ಕೈಯಿಂದಲೇ ಮರಳು ತೋಡುತ್ತಿದ್ದುದನ್ನು ಕುರಿ ಕಾಯುವವರು ಕಂಡರು. ಓಲೆಗಳನ್ನು ಬಿಟ್ಟ ಜಾಗವೂ ಅದೇ. ಆಮೇಲೆ ಅವಳು ಎತ್ತ ಹೋದಳೆಂದು ತಿಳಿಯಲಿಲ್ಲ.

ಕೆಲವು ದಿನ ಕಳೆದವು. ಹೆಳವ ತನ್ನ ಬಾಗಿಲಲ್ಲಿ ಕೂತಿದ್ದ. ದಾರಿಯಲ್ಲಿ ಯಾರೋ ಒಬ್ಬಳು ಗಾಡಿಯ ಎತ್ತಿಗೆ ಬೆಲ್ಲ ತಿನ್ನಿಸುತ್ತಿದ್ದಳು. ಎತ್ತು ಅವಳ ಅಂಗೈ ನೆಕ್ಕಿತು. ಹೆಳವ ಎದ್ದ. ಕೋಲೂರಿಕೊಂಡು ರೈತನ ಮನೆಯ ಮುಂದೆ ಹೋಗಿ ನಿಂತು ಗಟ್ಟಿಯಾಗಿ ಓದಿದ.

"ಮೂರನೆಯವನು ದುಂಡಪ್ಪ. ಅವನ ಹೆಂಡತಿ ಸಾವಂತ್ರವ್ವ. ಅವರ ಮಗ ಫಕೀರಪ್ಪ, ಕಲ್ಲುಗಣಿಯಲ್ಲಿ ವಾಸ. ಫಕೀರಪ್ಪನ ಮಗಳು ತಿಪ್ಪವ್ವ."

ರೈತ ಹೊರಗೆ ಬಂದ. ಅವನ ಹೆಂಡತಿ ಬಂದಳು. ನೆರೆಮನೆಯವರು ಬಂದರು. ಹೆಳವ ಕೊನೆಯ ಹೆಸರನ್ನು ಮತ್ತೊಮ್ಮೆ ಓದಿ ಕಾದ. ಅದು ಅವಳ ಹೆಸರೇ ಹೌದೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವಳು ಆ ಊರಿನಲ್ಲಿದ್ದಷ್ಟು ಹೊತ್ತು ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ.

ಗುರುತಾಯಿ ಇಷ್ಟು ಹೇಳಿ ಮತ್ತೆ ಮೊರವನ್ನು ಮಡಿಲಿಗೆ ಎಳೆದುಕೊಂಡರು.

ಶಿಷ್ಯ ಹೇಳಿದ, "ಅವರು ತಿಳಿಯದವರು, ತಾಯಿ. ಕುಂಕುಮ ಹಾಕಿ ಕೆಡಿಸಿದರು. ನಮ್ಮದು ಹಾಗಲ್ಲ. ಧೂಳು ಕೂಡ ಸೋಕದಂತೆ ಇಟ್ಟಿದ್ದೇನೆ. ಮೂರು ವರ್ಷದಿಂದ ಒಬ್ಬರ ಕೈಯೂ ತಾಗಿಲ್ಲ."

"ಹಾಗಾದರೆ ತೆಗೆದುಕೊಂಡು ಬಾ; ನೀನು ಓದು, ನಾನು ಹೌದು ಎನ್ನುತ್ತೇನೆ."

ಶಿಷ್ಯನ ಕೈ ಸೊಂಟದ ಕೀಲಿಯ ಮೇಲೆ ಹೋಗಿ ಅಲ್ಲೇ ನಿಂತಿತು.